ಮಾಯವಾದ ಹಡಗು, ಬೇಲಿಯಾಚೆಯ ಕಾವಲು



2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಜಮೀನಿನಲ್ಲಿ ಒಂದು ವಿಮಾನ ಬಿತ್ತು. ಅದರೊಳಗೆ ಪೈಲಟ್ ಇರಲಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಅದು. 2023ರ ಆಗಸ್ಟ್ 20ರಂದು ಅದೇ ಯೋಜನೆಯ ಇನ್ನೊಂದು ವಿಮಾನ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲಕ್ಕೆ ಬಿತ್ತು. ಅಷ್ಟು ಹೊತ್ತಿಗೆ ಅದರ ಹೆಸರು ತಪಸ್ ಎಂದಾಗಿತ್ತು. ಎರಡೂ ಸಲ ಜನ ನೆರೆದರು, ಮೊಬೈಲಿನಲ್ಲಿ ಚಿತ್ರ ತೆಗೆದರು. ಈ ವಿಮಾನಗಳನ್ನು ಪರೀಕ್ಷಿಸುವ ಚಳ್ಳಕೆರೆಯ ಬೇಲಿಯೊಳಗೆ ಏನು ನಡೆಯುತ್ತದೆ ಎಂಬುದು ಸುತ್ತಲಿನ ಹಳ್ಳಿಗಳಿಗೆ ಹೆಚ್ಚಾಗಿ ತಿಳಿದಿರುವುದೇ ಹೀಗೆ, ಏನಾದರೂ ಮುರಿದು ಹೊರಗೆ ಬಿದ್ದಾಗ.

ಚಳ್ಳಕೆರೆ ನಮಗೆ ಪರಸ್ಥಳವಲ್ಲ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಹರಿಹರವೂ ಚಳ್ಳಕೆರೆಯೂ ಒಂದೇ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ಟೆಲಿಪೋರ್ಟೇಶನ್ ಬಗ್ಗೆ, ಸೇನೆಗಳ ಗುಪ್ತ ಪ್ರಯೋಗಗಳ ಬಗ್ಗೆ ಮಾತಾಡಿ ಎಂದು ಈ ಸಭೆ ಕರೆದ ಸಂಘದವರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಚಳ್ಳಕೆರೆಯ ಬೇಲಿಯೊಳಗಿನ ಆ ಹುಲ್ಲುಗಾವಲು, ಆ ಕಾವಲೇ. ಆದರೆ ಮೊದಲು ಒಂದು ಹಡಗಿನ ಕತೆ ಹೇಳಬೇಕು. ಈ ವಿಷಯದ ಎಲ್ಲ ಕತೆಗಳ ತಾಯಿಬೇರು ಅಲ್ಲಿದೆ.

ಕತೆ ಹೀಗಿದೆ. 1943ರ ಅಕ್ಟೋಬರ್ 28. ಅಮೆರಿಕದ ಫಿಲಡೆಲ್ಫಿಯಾ ನೌಕಾಂಗಣದಲ್ಲಿ ನಿಂತಿದ್ದ ಎಲ್ಡ್ರಿಜ್ ಎಂಬ ಯುದ್ಧನೌಕೆಯ ಸುತ್ತ ಹಸಿರು ಮಂಜು ಕವಿಯಿತು. ಹಡಗು ಮಾಯವಾಯಿತು. ಮುನ್ನೂರು ಕಿಲೋಮೀಟರಿಗೂ ದೂರದ ನಾರ್‌ಫೋಕ್ ಬಂದರಿನಲ್ಲಿ ಕಾಣಿಸಿಕೊಂಡು ಮತ್ತೆ ಮರಳಿತು. ನಾವಿಕರಲ್ಲಿ ಕೆಲವರಿಗೆ ಹುಚ್ಚು ಹಿಡಿಯಿತು, ಕೆಲವರ ದೇಹ ಹಡಗಿನ ಉಕ್ಕಿನೊಳಗೇ ಸಿಕ್ಕಿಹಾಕಿಕೊಂಡಿತು. ಇದರ ಹಿಂದೆ ಐನ್‌ಸ್ಟೈನರ ಏಕೀಕೃತ ಕ್ಷೇತ್ರ ಸಿದ್ಧಾಂತವಿತ್ತಂತೆ.

ಇದನ್ನು ಹರಡಿದವನು ಕಾರ್ಲ್ ಅಲೆನ್. 1950ರ ದಶಕದ ನಡುವಿನಲ್ಲಿ, ಹಾರುವ ತಟ್ಟೆಗಳ ಬಗ್ಗೆ ಪುಸ್ತಕ ಬರೆದಿದ್ದ ಮಾರಿಸ್ ಜೆಸಪ್ ಎಂಬಾತನಿಗೆ ಕಾರ್ಲೋಸ್ ಅಯೆಂಡೆ ಎಂಬ ಹೆಸರಿನಲ್ಲಿ ಅವನು ಪತ್ರ ಬರೆದ. 1979ರಲ್ಲಿ ಕತೆ ಪುಸ್ತಕವಾಯಿತು, 1984ರಲ್ಲಿ ಸಿನಿಮಾ ಆಯಿತು. ಆದರೆ ಎಲ್ಡ್ರಿಜ್ ಹಡಗಿನ ದಿನಚರಿ ದಾಖಲೆ ಉಳಿದಿದೆ. 1943ರ ಅಕ್ಟೋಬರ್ 18ರಿಂದ ನವೆಂಬರ್ 1ರವರೆಗೆ ಅದು ನ್ಯೂಯಾರ್ಕ್ ಬಂದರಿನಲ್ಲಿತ್ತು. ಕತೆ ಹೇಳುವ ದಿನ ಫಿಲಡೆಲ್ಫಿಯಾದಲ್ಲಿ ಇರಲೇ ಇಲ್ಲ. ಪ್ರಯೋಗ ಮಾಡಿತೆಂದು ಹೇಳಲಾಗುವ ನೌಕಾ ಸಂಶೋಧನಾ ಕಚೇರಿ ಹುಟ್ಟಿದ್ದೇ 1946ರಲ್ಲಿ. ಐನ್‌ಸ್ಟೈನ್ ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಸಲಹೆಗಾರರಾಗಿದ್ದದ್ದು ನಿಜ. ಅವರು ಸಲಹೆ ಕೊಟ್ಟದ್ದು ಸ್ಫೋಟಕಗಳ ಬಗ್ಗೆ.

ಈ ಕತೆಗೆ ಒಂದು ಎಳೆ ಸತ್ಯವೂ ಇದೆ. ನನಗೆ ಕತೆಗಿಂತ ಆ ಎಳೆಯೇ ಹೆಚ್ಚು ಇಷ್ಟ. ಉಕ್ಕಿನ ಹಡಗು ತಾನೇ ಒಂದು ದೊಡ್ಡ ಅಯಸ್ಕಾಂತ. ಜರ್ಮನರು ಸಮುದ್ರದಲ್ಲಿ ಇಟ್ಟ ಕಾಂತೀಯ ಸಿಡಿಗುಂಡುಗಳು ಆ ಕಾಂತಕ್ಷೇತ್ರವನ್ನು ಗುರುತಿಸಿ ಸಿಡಿಯುತ್ತಿದ್ದವು. ಅದಕ್ಕೆ ಹಡಗಿನ ಒಡಲ ಸುತ್ತ ದಪ್ಪ ಕೇಬಲ್ ಸುತ್ತಿ, ವಿದ್ಯುತ್ ಹರಿಸಿ, ಹಡಗಿನ ಕಾಂತಕ್ಷೇತ್ರವನ್ನು ಅಳಿಸುತ್ತಿದ್ದರು. ಆಗ ಆ ಹಡಗು ಸಿಡಿಗುಂಡಿಗೆ ‘ಕಾಣುತ್ತಿರಲಿಲ್ಲ’. ಕೆಲಸ ಗುಪ್ತವಾಗಿತ್ತು, ಬಂದರಿನ ಕೂಲಿಯಾಳಿಗೆ ಕಂಡದ್ದು ಕೇಬಲ್ಲು, ಕಿವಿಗೆ ಬಿದ್ದದ್ದು ‘ಹಡಗು ಕಾಣದಂತೆ ಮಾಡುತ್ತಾರೆ’ ಎಂಬ ಮಾತು. ವಿವರಣೆ ಸಿಗದ ಕಡೆ ಮನಸ್ಸು ತಾನೇ ವಿವರಣೆ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡವರನ್ನು ಹೀಗಳೆಯಲು ನನಗೆ ಮನಸ್ಸಾಗುವುದಿಲ್ಲ. ಬಾಗಿಲು ಹಾಕಿಕೊಂಡವರ ಪಾಲೂ ಅದರಲ್ಲಿದೆ.

ಸೇನೆಗಳು ಇಂಥದ್ದನ್ನೆಲ್ಲ ನಂಬಿ ಹಣ ಸುರಿದದ್ದೂ ಉಂಟು. 1972ರಿಂದ 1995ರವರೆಗೆ ಅಮೆರಿಕದ ಗುಪ್ತಚರ ಸಂಸ್ಥೆಗಳು ದೂರದರ್ಶನ ಶಕ್ತಿಯ ಬಗ್ಗೆ, ಅಂದರೆ ಕುಳಿತಲ್ಲೇ ಶತ್ರುದೇಶದ ಕಟ್ಟಡ ಕಾಣುವುದರ ಬಗ್ಗೆ, ಸುಮಾರು 2 ಕೋಟಿ ಡಾಲರ್ ಖರ್ಚು ಮಾಡಿದವು. ಕೊನೆಯ ಹಂತದಲ್ಲಿ ಅದರ ಹೆಸರು ಸ್ಟಾರ್‌ಗೇಟ್. ಹೊರಗಿನವರಿಂದ ಪರಿಶೀಲನೆ ಮಾಡಿಸಿದಾಗ, ಒಂದೇ ಒಂದು ಕಾರ್ಯಾಚರಣೆಗೂ ಅದು ನೆರವಾಗಿರಲಿಲ್ಲ ಎಂದು ತಿಳಿಯಿತು, ಮುಚ್ಚಿದರು. 2004ರಲ್ಲಿ ಅಮೆರಿಕದ ವಾಯುಪಡೆ 25,000 ಡಾಲರ್ ಕೊಟ್ಟು ಎರಿಕ್ ಡೇವಿಸ್ ಎಂಬ ವಿಜ್ಞಾನಿಯಿಂದ ಟೆಲಿಪೋರ್ಟೇಶನ್ ಭೌತಶಾಸ್ತ್ರದ ಅಧ್ಯಯನ ಬರೆಸಿತು. ಅದರಲ್ಲಿ ಗಂಭೀರ ಕ್ವಾಂಟಂ ಭೌತಶಾಸ್ತ್ರವಿದೆ, ದೇಶಕಾಲವನ್ನು ಬಗ್ಗಿಸುವ ಲೆಕ್ಕಗಳಿವೆ. ಅವುಗಳ ಪಕ್ಕದಲ್ಲೇ, ಮನೋಬಲದಿಂದ ವಸ್ತು ಸಾಗಿಸುವ ಪ್ರಯೋಗಕ್ಕೆ 75 ಲಕ್ಷ ಡಾಲರ್ ಕೊಡಿ ಎಂಬ ಶಿಫಾರಸೂ ಇದೆ. ಭೌತಶಾಸ್ತ್ರಜ್ಞರು ಕೆರಳಿದರು. ಕೆರಳಬೇಕಾದದ್ದೇ.

ನಮ್ಮಲ್ಲಿ ಇಂಥ ಮಾತುಗಳಿಗೆ ಪುರಾವೆ ಎಲ್ಲಿ ಎಂಬ ಪ್ರಶ್ನೆಯನ್ನು ಬೀದಿಯಲ್ಲಿ, ಎಲ್ಲರ ಕಣ್ಣೆದುರು ಎತ್ತಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಬರಿಗೈಯಿಂದ ವಿಭೂತಿ, ಉಂಗುರ ಬರಿಸುತ್ತಾರೆ ಎಂದು ಪ್ರಸಿದ್ಧರಾಗಿದ್ದ ಸತ್ಯಸಾಯಿಬಾಬಾ ಅವರಿಗೆ, ಸಮಿತಿಯೆದುರು ಮಾಡಿ ತೋರಿಸಿ ಎಂದು ವಿನಯದಿಂದ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಒಂದು ವಸ್ತು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಬಂತು ಎಂದು ಯಾರೇ ಹೇಳಲಿ, ಸೇನೆಯೇ ಹೇಳಲಿ ಸ್ವಾಮಿಯೇ ಹೇಳಲಿ, ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮೆದುರು ಮಾಡಿ ತೋರಿಸುತ್ತೀರಾ? ಆ ಪ್ರಶ್ನೆ ಕೇಳುವ ಎದೆಗಾರಿಕೆಯನ್ನು ಕನ್ನಡಿಗರಿಗೆ ಕಲಿಸಿದವರು ಅವರು.

ಹಾಗಾದರೆ ಟೆಲಿಪೋರ್ಟೇಶನ್ ಬರೀ ಸುಳ್ಳೇ? ಅಲ್ಲ. ನಡೆದಿದೆ, ಈಗಲೂ ನಡೆಯುತ್ತಿದೆ. ಹೇಗೆ ಎಂಬುದನ್ನು ಕೊಂಚ ತಾಳ್ಮೆಯಿಂದ ನೋಡೋಣ.

ಬೆಳಕಿನ ಎರಡು ಕಣಗಳನ್ನು ಒಟ್ಟಿಗೆ ಹುಟ್ಟಿಸಿ, ಒಂದರ ಸ್ಥಿತಿ ಇನ್ನೊಂದರ ಸ್ಥಿತಿಯೊಡನೆ ತಳುಕು ಹಾಕಿಕೊಂಡಿರುವಂತೆ ಮಾಡಬಹುದು. ಅವುಗಳಲ್ಲಿ ಒಂದನ್ನು ದಾವಣಗೆರೆಯಲ್ಲಿಡೋಣ, ಇನ್ನೊಂದನ್ನು ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಕಳಿಸೋಣ. ಈಗ ದಾವಣಗೆರೆಯಲ್ಲಿರುವ ಹುಡುಗಿಯ ಕೈಗೆ ಮೂರನೆಯದೊಂದು ಕಣ ಕೊಡಿ. ಅದರ ಸ್ಥಿತಿ ಏನೆಂದು ಅವಳಿಗೆ ಗೊತ್ತಿಲ್ಲ. ಅಳೆದು ನೋಡಲು ಹೋದರೆ ಕೆಡುತ್ತದೆ. ನಕಲು ಮಾಡಲೂ ಆಗದು. ಅಪರಿಚಿತ ಕ್ವಾಂಟಂ ಸ್ಥಿತಿಯ ನಕಲು ಅಸಾಧ್ಯವೆಂದು 1982ರಲ್ಲೇ ಸಾಬೀತಾಗಿದೆ. ಅವಳು ಮಾಡುವುದಿಷ್ಟು: ಆ ಮೂರನೆಯ ಕಣವನ್ನೂ ತನ್ನ ಬಳಿಯ ಜೋಡಿಕಣವನ್ನೂ ಒಟ್ಟಿಗೆ ಅಳೆಯುತ್ತಾಳೆ. ನಾಲ್ಕು ಉತ್ತರಗಳಲ್ಲಿ ಒಂದು ಬರುತ್ತದೆ. ಆ ಉತ್ತರವನ್ನು ಹರಿಹರಕ್ಕೆ ಫೋನ್ ಮಾಡಿ ಹೇಳುತ್ತಾಳೆ. ಅಲ್ಲಿರುವ ಹುಡುಗ ಅದಕ್ಕೆ ತಕ್ಕಂತೆ ತನ್ನ ಕಣವನ್ನು ತಿರುಗಿಸುತ್ತಾನೆ, ಅಥವಾ ಹಾಗೇ ಬಿಡುತ್ತಾನೆ. ಈಗ ಅವನ ಬಳಿಯ ಕಣ, ಮೂರನೆಯ ಕಣ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿದೆ. ದಾವಣಗೆರೆಯ ಮೂಲ ಸ್ಥಿತಿ ಅಳಿಸಿಹೋಗಿದೆ. ತಾನು ಕಳಿಸಿದ್ದು ಏನೆಂಬುದು ಕಳಿಸಿದವಳಿಗೂ ಗೊತ್ತಿಲ್ಲ, ಪಡೆದವನಿಗೂ ಗೊತ್ತಿಲ್ಲ!

ಎಷ್ಟು ಸಲ ಓದಿದರೂ ನನ್ನ ಮೈ ನವಿರೇಳುತ್ತದೆ. ಆದರೆ ಗಮನಿಸಿ, ವಸ್ತು ಸಾಗಲಿಲ್ಲ, ಸ್ಥಿತಿ ಸಾಗಿತು. ಆ ಫೋನ್ ಕರೆ ಬರದೆ ಹರಿಹರದ ಹುಡುಗನಿಗೆ ಏನೂ ಸಿಗದು. ಫೋನ್ ಬೆಳಕಿಗಿಂತ ವೇಗವಾಗಿ ಹೋಗದು. ಆದ್ದರಿಂದ ಟೆಲಿಪೋರ್ಟೇಶನ್ ಕೂಡ ಹೋಗದು.

ಮನುಷ್ಯನನ್ನು ಹೀಗೆ ಕಳಿಸಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 70 ಕಿಲೋ ತೂಕದ ದೇಹದಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಇಟ್ಟಷ್ಟು ಪರಮಾಣುಗಳಿವೆ. ಪ್ರತಿಯೊಂದರ ಸ್ಥಿತಿಗೂ ತಳುಕಿನ ಜೋಡಿ ಬೇಕು, ಅಳತೆ ಬೇಕು, ಸಂದೇಶ ಬೇಕು. ಸಿನಿಮಾದಂತೆ ದೇಹವನ್ನೇ ಶಕ್ತಿಯಾಗಿ ಕರಗಿಸಿ ಕಳಿಸುತ್ತೇವೆಂದರೆ, ಐನ್‌ಸ್ಟೈನರ ಸೂತ್ರದ ಪ್ರಕಾರ ಆ 70 ಕಿಲೋ ಸುಮಾರು 1.75 ಲಕ್ಷ ಕೋಟಿ ಯೂನಿಟ್ ಶಕ್ತಿಯಾಗುತ್ತದೆ. ಇಡೀ ಭಾರತ ಒಂದು ವರ್ಷದಲ್ಲಿ ಉತ್ಪಾದಿಸುವ ವಿದ್ಯುತ್ತು ಹೆಚ್ಚುಕಡಿಮೆ ಅಷ್ಟೇ. ಯಾವ ಸೇನೆಯೂ ಅದನ್ನು ಒಂದು ಬೇಲಿಯೊಳಗೆ ಅಡಗಿಸಿಡಲಾರದು.

ಕಣದ ಸ್ಥಿತಿಯನ್ನು ಸಾಗಿಸುವ ಈ ಉಪಾಯವನ್ನು 1993ರಲ್ಲಿ ಆರು ಜನ ಬರೆದರು: ಬೆನೆಟ್, ಬ್ರಸಾರ್, ಕ್ರೆಪೊ, ಜೋಜಾ, ಪೆರೆಸ್, ವೂಟರ್ಸ್. ಬೇರೆ ಬೇರೆ ದೇಶದವರು. ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1997ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಆಂಟನ್ ಜೈಲಿಂಗರ್ ತಂಡ ಬೆಳಕಿನ ಕಣದಲ್ಲಿ ಮಾಡಿ ತೋರಿಸಿತು. 2022ರ ನೊಬೆಲ್ ಪ್ರಶಸ್ತಿಯಲ್ಲಿ ಜೈಲಿಂಗರ್ ಪಾಲೂ ಇದೆ. 2017ರಲ್ಲಿ ಅವರ ಶಿಷ್ಯ ಪಾನ್ ಜಿಯಾನ್‌ವೇ ತಂಡ ಟಿಬೆಟ್‌ನ ನೆಲದಿಂದ ಮಿಸಿಯಸ್ ಉಪಗ್ರಹಕ್ಕೆ 1,400 ಕಿ.ಮೀ. ದೂರದವರೆಗೆ ಸ್ಥಿತಿಯನ್ನು ಕಳಿಸಿತು. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೇಮ್ ಕುಮಾರ್ ಅವರ ತಂಡ, ಇಂಟರ್‌ನೆಟ್ ಸಂಚಾರ ಹರಿಯುತ್ತಿದ್ದ 30 ಕಿ.ಮೀ. ಫೈಬರಿನಲ್ಲೇ ಇದನ್ನು ಸಾಧಿಸಿತು. ಎಲ್ಲವೂ ಅಚ್ಚಾಗಿ ಹೊರಬಂದ ಸಂಗತಿಗಳು. ಮಂಜಿಲ್ಲ, ಮಾಯೆಯಿಲ್ಲ.

ಸೇನೆಗಳಿಗೆ ಇದರಲ್ಲಿ ಆಸಕ್ತಿ ಇಲ್ಲವೇ? ಬೇಕಾದಷ್ಟಿದೆ. ಆದರೆ ಅವರಿಗೆ ಬೇಕಾದದ್ದು ಸೈನಿಕನನ್ನು ಕಳಿಸುವುದಲ್ಲ. ಮಾತನ್ನು ಯಾರೂ ಕದ್ದು ಕೇಳದಂತೆ ಕಳಿಸುವುದು. ಕ್ವಾಂಟಂ ಸ್ಥಿತಿಯನ್ನು ಕದ್ದು ನೋಡಿದರೆ ಅದು ಕೆಡುತ್ತದೆ, ಕದ್ದವನ ಗುರುತು ಉಳಿಯುತ್ತದೆ. ಗುಪ್ತಸಂದೇಶದ ಕೀಲಿಯನ್ನು ಹೀಗೆ ಹಂಚಿಕೊಂಡರೆ ಶತ್ರು ನಡುವೆ ಕೈಹಾಕಿದ್ದು ತಿಳಿದುಬಿಡುತ್ತದೆ. ಇದು ಟೆಲಿಪೋರ್ಟೇಶನ್ ಅಲ್ಲ, ಅದರ ಒಡಹುಟ್ಟು. ಇಲ್ಲಿ ಕರ್ನಾಟಕದ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. 2020ರ ಡಿಸೆಂಬರಿನಲ್ಲಿ ಹೈದರಾಬಾದಿನ ಎರಡು ಡಿಆರ್‌ಡಿಒ ಪ್ರಯೋಗಾಲಯಗಳ ನಡುವೆ 12 ಕಿ.ಮೀ. ಫೈಬರಿನಲ್ಲಿ ಇಂಥ ಕೀಲಿ ಸಾಗಿತು; ತಂತ್ರಜ್ಞಾನ ರೂಪಿಸಿದ್ದು ಬೆಂಗಳೂರಿನ ಕೇರ್ ಪ್ರಯೋಗಾಲಯ ಮತ್ತು ಮುಂಬೈನ ಡಿಆರ್‌ಡಿಒ ಯುವ ವಿಜ್ಞಾನಿಗಳ ಪ್ರಯೋಗಾಲಯ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ, ಇಸ್ರೊ ಜೊತೆಗೂಡಿ, 2021ರಲ್ಲಿ ತಳುಕಿನ ಕಣಗಳನ್ನೇ ಬಳಸಿ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಕೀಲಿ ಹಂಚಿಕೊಂಡಿತು. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಕೀಲಿ ಗುಪ್ತ, ಕೀಲಿ ಮಾಡುವ ವಿದ್ಯೆ ಬಯಲು.

ಯಾವುದು ಗುಪ್ತ, ಯಾವುದು ಬಯಲು ಎಂಬ ಈ ತಕ್ಕಡಿಯಲ್ಲಿ ಚಳ್ಳಕೆರೆಯನ್ನು ಇಟ್ಟು ನೋಡಿ. ಅಲ್ಲಿ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಇತ್ತು. ಕುರಿ ಮೇಯಿಸುವವರು, ಕಂಬಳಿ ನೇಯುವವರು, ಕೃಷ್ಣಮೃಗಗಳು, ಎಲ್ಲ ಆ ಹುಲ್ಲಿನ ಮೇಲೆ ಬದುಕಿದ್ದವು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅಣುಸಂಶೋಧನಾ ಕೇಂದ್ರ ಬಾರ್ಕ್‌ಗೆ, ಇಸ್ರೊಗೆ ಇನ್ನಷ್ಟು ಎಂದು ಹಂಚಿಕೆಯಾಯಿತು. ಎಷ್ಟೋ ಹಳ್ಳಿಗರಿಗೆ ಅದು ತಿಳಿದದ್ದು ಗೋಡೆ ಏಳತೊಡಗಿದ ಮೇಲೆ. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ನಿಜವಾಗಿ ಮಾಯವಾದದ್ದು ಅಲ್ಲಿ ಹುಲ್ಲುಗಾವಲು. ವಿಮಾನದ ವಿನ್ಯಾಸ ಗುಪ್ತವಾಗಿರಲಿ, ನನ್ನ ತಕರಾರಿಲ್ಲ. ಮೇವಿನ ನೆಲ, ನೀರು, ದಾರಿ ಇವುಗಳ ತೀರ್ಮಾನ ಗುಪ್ತವಾಗಿರಬಾರದು.

ಅದೇ ಕಾವಲಿನಲ್ಲಿ ಬಾಗಿಲು ತೆರೆದ ಜಾಗಗಳೂ ಇವೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ರಾಕೆಟ್ ವಿಮಾನವನ್ನು ಹೆಲಿಕಾಪ್ಟರಿನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, ತಾನಾಗಿಯೇ ಇಳಿಯುವಂತೆ ಮಾಡಿ, ಆ ದೃಶ್ಯವನ್ನು ಎಲ್ಲರಿಗೂ ತೋರಿಸಿತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರೌಢಶಾಲೆ, ಪಿಯು ಕಾಲೇಜಿನ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಕೈಯಾರೆ ಪ್ರಯೋಗ ಮಾಡಿಸುತ್ತಾರೆ. ನಮ್ಮ ಹರಿಹರ ತಾಲ್ಲೂಕಿನ ಎಷ್ಟು ಶಾಲೆಗಳಿಂದ ಮೇಷ್ಟ್ರುಗಳು ಅಲ್ಲಿಗೆ ಹೋಗಿದ್ದಾರೆ? ಹೋಗದವರನ್ನು ಕಳಿಸುವ ಕೆಲಸವನ್ನು ಈ ಸಂಘ ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಮಕ್ಕಳೇ, ನೀವೂ ಕೈಯಾರೆ ಒಂದು ಪ್ರಯೋಗ ಮಾಡಲೆಂದು ನಾನು ಮೂರು ಪೋಲರಾಯ್ಡ್ ಹಾಳೆ ತಂದಿದ್ದೇನೆ. ಎರಡನ್ನು ಒಂದರ ಮೇಲೊಂದು ಅಡ್ಡವಾಗಿ ಹಿಡಿದರೆ ಬೆಳಕು ಪೂರ್ತಿ ನಿಲ್ಲುತ್ತದೆ. ಅವುಗಳ ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿದರೆ ಬೆಳಕು ಮತ್ತೆ ಬರುತ್ತದೆ. ತಡೆ ಹೆಚ್ಚಾದಾಗ ಬೆಳಕು ಏಕೆ ಬಂತು? ಈಗ ವೇದಿಕೆ ಹತ್ತಿರ ಬಂದು ನೀವೇ ಹಿಡಿದು ನೋಡಿ, ಆಮೇಲೆ ಪ್ರಶ್ನೆ ಕೇಳಿ.