ಸೋಂಕು ಬೇರೆ, ಮೈಲಿಗೆ ಬೇರೆ
(ರಾಮನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



‘ದೂರ ನಿಲ್ಲು, ಮುಟ್ಟಬೇಡ’ ಅನ್ನೋ ಮಾತು ನಮಗೆ ಹೊಸದಲ್ಲ. ಹೋಟೆಲಿನಲ್ಲಿ, ಗುಡಿ ಬಾಗಿಲಲ್ಲಿ, ಬಾವಿಕಟ್ಟೆಯಲ್ಲಿ ಕೇಳಿಕೊಂಡೇ ಬೆಳೆದವರು ನಾವು. 2020ರಲ್ಲಿ ಕೊರೊನಾ ಬಂದಾಗ ಸರ್ಕಾರವೇ ಆ ಮಾತನ್ನು ಊರಿಗೆಲ್ಲ ಸಾರಿತು. ‘ಈಗ ಎಲ್ಲರೂ ಹೊಲೇರೇ ಬಿಡ್ರೋ’ ಅಂತ ನಾವು ನಕ್ಕೆವು. ಆ ನಗು ತಪ್ಪು ಅಂತ ಕಲಿಸಿದವಳು ನಮ್ಮ ಚಿಕ್ಕವ್ವ.

ಚಿಕ್ಕವ್ವ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ಕಸ ಎತ್ತುವವಳು. ರಕ್ತದ ಬಟ್ಟೆ, ವಾಂತಿ, ಎಸೆದ ಮಾಸ್ಕು ಎಲ್ಲ ಅವಳ ಕೈಗೆ. ಕೊಟ್ಟ ಒಂದು ಜೊತೆ ಗ್ಲೌಸು ಹರಿದ ಮೇಲೂ ಅದನ್ನೇ ತೊಳೆದು ಹಾಕ್ಕೊಳ್ತಿದ್ದಳು. ಸಂಜೆ ಹಿತ್ತಲಲ್ಲೇ ನಿಂತು, ಸೀರೆ ನೆನೆಹಾಕಿ, ಮೈ ತೊಳೆಯೋತನಕ ಮಕ್ಕಳಿಗೆ ‘ದೂರ ನಿಲ್ರಪ್ಪಾ, ಮುಟ್ಟಬ್ಯಾಡಿ’ ಅಂತಿದ್ದಳು. ಅದೇ ಮಾತು! ಆದರೆ ಮೈ ತೊಳೆದ ಮೇಲೆ ಅದೇ ಮಕ್ಕಳನ್ನ ಮಡಿಲಿಗೆ ಎಳ್ಕೊಳ್ತಿದ್ದಳು. ಸೋಂಕು ಸೋಪಿಗೆ ಹೋಗುತ್ತೆ. ಅವರು ಹೇಳೋ ಮೈಲಿಗೆ ಯಾವ ಸೋಪಿಗೆ ಹೋಗಿದೆ?

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಅನ್ನೋ ವೈದ್ಯ, ಹೆಣ ಕೊಯ್ದ ಕೈಯನ್ನು ತೊಳೆದು ಬಾಣಂತಿಯರನ್ನು ಮುಟ್ಟಿ ಅಂದ. ತೊಳೆದದ್ದಕ್ಕೆ ಸಾವು ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಮಾತ್ರ ಅವಮಾನವಾಯಿತು. ಕೊಳೆ ತಮ್ಮ ಕೈಯಲ್ಲಿದೆ ಅಂದರೆ ದೊಡ್ಡವರು ಯಾವ ದೇಶದಲ್ಲೂ ಒಪ್ಪೋದಿಲ್ಲ.

ನಮ್ಮೂರಿನದೇ ಹೇಳೋಣ. 2020ರ ಏಪ್ರಿಲಿನಲ್ಲಿ ಆಗಿನ ರಾಮನಗರ ಜಿಲ್ಲೆ ಹಸಿರು ವಲಯ. ಬೆಂಗಳೂರಿನ ಪಾದರಾಯನಪುರದಲ್ಲಿ 19ರ ರಾತ್ರಿ ಆರೋಗ್ಯ ಸಿಬ್ಬಂದಿ ಮೇಲೆ ಗಲಾಟೆಯಾಯಿತು. ಹಿಡಿದ ನೂರಕ್ಕೂ ಹೆಚ್ಚು ಜನರನ್ನು ಇಲ್ಲಿನ ಜೈಲಿಗೆ ತಂದು ತುಂಬಿದರು. ಐವರಿಗೆ ಸೋಂಕಿದೆ ಅಂತ ಗೊತ್ತಾದದ್ದು ತಂದ ಮೇಲೆ! ಆಮೇಲೆ ಅವರನ್ನೆಲ್ಲ ಬೆಂಗಳೂರಿಗೆ ವಾಪಸ್ಸು ಸಾಗಿಸಿದರು. ಜೈಲಿನ ಸಿಬ್ಬಂದಿ ಕ್ವಾರಂಟೈನಿಗೆ ಹೋಗಬೇಕಾಯಿತು. ನರ್ಸಮ್ಮ ಸೆಕೆಗೆ ಮಾಸ್ಕು ಇಳಿಸಿದರೆ ನಿರ್ಲಕ್ಷ್ಯ. ಮೇಲಿನವರು ಹೀಗೆ ಮಾಡಿದರೆ ಅದಕ್ಕೆ ಆಡಳಿತ ಅಂತ ಹೆಸರು.

ಅದೇ ವರ್ಷ ಜುಲೈ 10ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ತಿಂಗಳಿಗೆ 12,000 ರೂಪಾಯಿ ಕೊಡಿ, ಮಾಸ್ಕು ಗ್ಲೌಸು ಕೊಡಿ ಅಂದರು. ನಿಯಮ ಪಾಲಿಸೋದಕ್ಕೇ ಮುಷ್ಕರ ಹೂಡಬೇಕಾದ ದೇಶ ನಮ್ಮದು.

ಆದ್ದರಿಂದ ನಿಯಮವನ್ನು ನಾವು ಬಿಡಬಾರದು, ಗಟ್ಟಿಯಾಗಿ ಹಿಡೀಬೇಕು. 2016ರ ವೈದ್ಯಕೀಯ ತ್ಯಾಜ್ಯ ನಿಯಮ ನಮ್ಮ ಕೈಯಲ್ಲಿರೋ ಆಯುಧ. ಕಸ ಎತ್ತುವವರಿಗೂ ರಕ್ಷಣಾ ಸಾಮಗ್ರಿ, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ತರಬೇತಿ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕೊಡಲೇಬೇಕು ಅಂತ ಅದರಲ್ಲಿದೆ. ತರಬೇತಿ ಅಂದರೆ ಭಾಷಣವಲ್ಲ. ಕೆಲಸ ಮುಗಿದ ಮೇಲೆ ಗ್ಲೌಸು ಮೊದಲು ತೆಗೀಬೇಕು, ಮಾಸ್ಕು ಕೊನೆಗೆ, ಆಮೇಲೆ ಸೋಪು ಹಚ್ಚಿ ಕೈ ತೊಳೀಬೇಕು. ಕೊಳೆ ಗ್ಲೌಸಿನ ಕೈ ಮುಖಕ್ಕೆ ಹೋದರೆ ತೊಟ್ಟದ್ದೆಲ್ಲ ದಂಡ. ಇದನ್ನ ಚಿಕ್ಕವ್ವನಿಗೆ ಯಾರೂ ತೋರಿಸಿರಲಿಲ್ಲ.

ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಬಂದಿರೋ ಗೆಳೆಯರು ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯ ಹಿಂದುಗಡೆ ಹೋಗಿ. ಅಲ್ಲಿ ಹಳದಿ ಚೀಲ ಹೊರೋರು ನಮ್ಮ ಅಕ್ಕಂದಿರೇ. ಲಸಿಕೆ ಹಾಕಿದರಾ, ತರಬೇತಿ ಯಾವಾಗ ಕೊಟ್ಟರು, ಗ್ಲೌಸು ಎಷ್ಟು ದಿನಕ್ಕೊಂದು ಜೊತೆ, ಕೇಳಿ ಬರ್ಕೊಂಡು ಬನ್ನಿ. ಅರ್ಜಿ ನಾವು ಬರೀತೀವಿ. ಮೊದಲನೇ ಹಾಳೆ ಆಗಲೇ ಬರೆದಾಗಿದೆ, ಚಿಕ್ಕವ್ವನದು: ಲಸಿಕೆ ಇಲ್ಲ, ತರಬೇತಿ ಇಲ್ಲ.