ತಂಪು ನಮಗೆ, ಶಾಖ ಯಾರಿಗೆ?

ಏಪ್ರಿಲ್ ಬಂತಂದ್ರೆ ಬೀದರ್ ಸೇರಿದಂತೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕ್ತವೆ. ಬಿಸಿಲು ಅಂಥದ್ದು. ಆದರೆ ಸಂತಪುರದಲ್ಲಿ ತಗಡಿನ ಶೆಡ್ಡಿನಡಿ ವೆಲ್ಡಿಂಗ್ ಮಾಡೋರಿಗೆ ಆ ಆದೇಶ ಇಲ್ಲ.

ಬಿಸಿಲಿಗೂ ಕೊಲೆಸ್ಟ್ರಾಲಿಗೂ ಏನ್ ಸಂಬಂಧ ಅಂತೀರಾ? 1986ರಲ್ಲಿ ಲಂಡನ್ನಿನ ಕೀಟಿಂಗ್ ಮತ್ತವರ ತಂಡ ಒಂದು ಪ್ರಯೋಗ ಪ್ರಕಟಿಸಿತು. 41 ಡಿಗ್ರಿ ಗಾಳಿಯಲ್ಲಿ ಆರು ತಾಸು ಕಳೆದವರ ರಕ್ತದಲ್ಲಿ ಕೊಲೆಸ್ಟ್ರಾಲ್ ಶೇ. 14ರಷ್ಟು ಏರಿತ್ತು. ಬೆವರಿನಲ್ಲಿ ನೀರು, ಉಪ್ಪು ಹೋಗಿ ರಕ್ತವೇ ಮಂದವಾಗಿತ್ತು. ಹೃದಯಕ್ಕೆ ಅಪಾಯ ಅಲ್ಲೇ ಇರೋದು. ಬಾಸ್ಟನ್ ಕಡೆಯ ವಯಸ್ಸಾದ ಗಂಡಸರ ಮೇಲಿನ 2011ರ ಅಧ್ಯಯನದಲ್ಲೂ ಅಷ್ಟೇ: ಉಷ್ಣಾಂಶ ಏರಿದಂತೆ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿತ್ತು, ಒಳ್ಳೇದು ಇಳಿದಿತ್ತು.

ಸೂರ್ಯನ ಶಾಖ ಸಾಲದು ಅಂತ ನಾವೂ ಒಂದಿಷ್ಟು ಸೇರಿಸ್ತೀವಿ. ನಾನು ಎಂಜಿನಿಯರಿಂಗ್ ಓದಿದವನು, ಇಷ್ಟು ಗೊತ್ತು: ಎ.ಸಿ. ಶಾಖವನ್ನು ಇಲ್ಲವಾಗಿಸಲ್ಲ, ಹೊರಗೆ ತಳ್ಳುತ್ತೆ. ತಾನು ತಿಂದ ಕರೆಂಟಿನ ಶಾಖವನ್ನೂ ಸೇರಿಸಿಯೇ ತಳ್ಳುತ್ತೆ. ಒಳಗಿದ್ದವರಿಗೆ ತಂಪು, ಗೋಡೆಯಾಚೆ ತಳ್ಳುಗಾಡಿಯವನಿಗೆ ಬಿಸಿಗಾಳಿ. (ನಮ್ಮ ಸ್ಟುಡಿಯೋ ಕೂಡ ಹಾಗೇ, ಒಪ್ಕೋತೀನಿ.)

ಹಾಗಂತ ಮಿರ್ಚಿ ಭಜಿಗೆ ಕ್ಲೀನ್ ಚಿಟ್ ಕೊಡ್ತಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಬಿಡಬೇಡಿ. ಕಾರ್ಮಿಕ ಇಲಾಖೆಯವರಿಗೆ ಮಾತ್ರ ಒಂದು ಪ್ರಶ್ನೆ: ಆ ಶೆಡ್ಡಿನವರ ಕೆಲಸದ ವೇಳೆ ಯಾವಾಗ ಬದಲಾಗುತ್ತೆ?