ಒಡೆಯರಪಾಳ್ಯದ ನೆರೆಯವರು

ಮನೆ ಬಿಟ್ಟು ಕದಲದೆಯೇ ರಾಜ್ಯ ಬದಲಾಯಿಸಿದ ಜನ ಕೊಳ್ಳೇಗಾಲದವರು. 1956ರ ಅಕ್ಟೋಬರ್ ಕೊನೆಯವರೆಗೂ ಆ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಕಚೇರಿಯ ಮೊಹರು ಬದಲಾಯಿತು. ರೇಷ್ಮೆಯ ಮಗ್ಗ ಎಂದಿನಂತೆಯೇ ಆಡುತ್ತಿತ್ತು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಸೀಮೆ ಅದು. ಬಿಳಿಗಿರಿ ಬೆಟ್ಟವನ್ನು ಹತ್ತಿದರೆ ಸೋಲಿಗರ ನುಡಿಯೂ ಉಂಟು.

ಇಂಥ ಸೀಮೆಗೆ ಇನ್ನೂ ಒಂದು ಭಾಷೆ ಬಂದು ಸೇರಿದ ಬಗೆಯನ್ನು ಇಂದು ಹೇಳಬೇಕೆಂದಿದ್ದೇನೆ. ಬೆಟ್ಟದ ಪಡುವಲಿಗೆ ಯಳಂದೂರು. ಮೂಡಲಿಗೆ, ಇಂದಿನ ಹನೂರು ತಾಲ್ಲೂಕಿನಲ್ಲಿ, ಒಡೆಯರಪಾಳ್ಯ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರಷ್ಟೆ. ಅವರ ಹಿಂದೆ ಬಂದ ಸಾವಿರಾರು ಟಿಬೆಟಿಯನ್ನರಿಗೆ ನಮ್ಮ ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡು ಮತ್ತು ಹುಣಸೂರುಗಳ ಬಳಿ ನೆಲ ಕೊಟ್ಟಿತು. 1970ರ ದಶಕದ ನಡುವೆ ಒಡೆಯರಪಾಳ್ಯದಲ್ಲಿ ನೆಲಸಿದವರು ತಮ್ಮ ವಸತಿಗೆ ಧೊಂಡೆನ್‌ಲಿಂಗ್ ಎಂದು ಹೆಸರಿಟ್ಟರು.

ಹಿಮದ ನಾಡಿನವರಿಗೆ ಇಲ್ಲಿನ ಬಿಸಿಲು ಹೇಗಾಗಿರಬೇಕು! ಅಲ್ಲಿ ಬಾರ್ಲಿ, ಯಾಕ್ ದನ. ಇಲ್ಲಿ ಮಳೆ ನಂಬಿದ ಹೊಲ, ಮುಸುಕಿನ ಜೋಳ. ಸುತ್ತ ಕಾಡು. ತೆನೆ ಕಟ್ಟುವ ಹೊತ್ತಿಗೆ ಆನೆ ಇಳಿಯುತ್ತದೆ. ಅದು ಕನ್ನಡಿಗನ ಹೊಲ, ಟಿಬೆಟಿಯನ್ನನ ಹೊಲ ಎಂದು ಭೇದವೆಣಿಸುವುದಿಲ್ಲ. ಒಂದೇ ಕಷ್ಟವನ್ನು ಕಂಡವರಿಗೆ ಮಾತು ಬೇಗ ಬರುತ್ತದೆ. ಬೆಳೆ ಸಾಲದ್ದಕ್ಕೆ ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರುವುದೂ ಅವರ ಬದುಕಿನ ಕ್ರಮವಾಯಿತು.

ಅಪರಿಚಿತವೆಂದು ತೋರುವುದನ್ನು ಹತ್ತಿರದಿಂದ ನೋಡಿದರೆ ನಮ್ಮದೇ ನೆಂಟಸ್ತನ ಕಾಣುತ್ತದೆ. ಅವರ ತ್ಸಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು. ನಮ್ಮ ರಾಗಿಯ ಹುರಿಹಿಟ್ಟಿನ ದಾಯಾದಿ. ಚಹಾಕ್ಕೆ ಬೆಣ್ಣೆಯ ಜೊತೆ ಉಪ್ಪು ಹಾಕುವುದು ಮಾತ್ರ ನಮ್ಮ ನಾಲಿಗೆಗೆ ಹೊಸದು! ಅವರ ಹೊಸವರ್ಷ ಲೋಸಾರ್. ಅವರದೂ ಚಂದ್ರನನ್ನು ಹಿಡಿದ ಪಂಚಾಂಗವಾದ್ದರಿಂದ ಅನೇಕ ವರ್ಷ ಅದು ಶಿವರಾತ್ರಿಯಾದ ಎರಡು ಮೂರು ದಿನಕ್ಕೇ ಬರುತ್ತದೆ. ಮಲೆ ಮಹದೇಶ್ವರನ ಜಾತ್ರೆಯ ಜನ ಊರಿಗೆ ಮರಳುವಾಗ ಇಲ್ಲಿ ಹಬ್ಬ ಮೊದಲಾಗುತ್ತದೆ. ಪೂರ್ವ ಟಿಬೆಟ್ಟಿನ ಪ್ರಾಚೀನ ಜೋಗ್‌ಚೆನ್ ಮಠವನ್ನು ಇಲ್ಲಿ ಮತ್ತೆ ಕಟ್ಟಿದ್ದಾರೆ. 1992ರಲ್ಲಿ ದಲೈ ಲಾಮಾ ಅವರೇ ಬಂದು ಅದನ್ನು ಉದ್ಘಾಟಿಸಿದರು.

ಆದರೆ ನೆಂಟಸ್ತನ ಬೇರೆ, ಹಕ್ಕು ಬೇರೆ. ಇಲ್ಲೇ ಹುಟ್ಟಿ, ಇಲ್ಲಿನ ನೀರು ಕುಡಿದು ಬೆಳೆದ ಎಷ್ಟೋ ಮಂದಿ ಇನ್ನೂ ವಿದೇಶೀಯರ ನೋಂದಣಿ ಪತ್ರ ಹಿಡಿದಿದ್ದಾರೆ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಪ್ರಜೆಗಳೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಹೇಳಿತು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಗಳ ಪೌರತ್ವವನ್ನೂ ನೋಡಬೇಕು. ಹೀಗೆ ಒಂದೇ ಮನೆಯಲ್ಲಿ ಅಣ್ಣನಿಗೊಂದು ನ್ಯಾಯ, ತಮ್ಮನಿಗೊಂದು ನ್ಯಾಯ ಆಗುವುದುಂಟು. ಪೌರತ್ವ ಪಡೆದರೆ ತಾಯ್ನಾಡಿಗೆ ಮರಳುವ ಆಸೆಯನ್ನೇ ಬಿಟ್ಟಂತಾದೀತೇ ಎಂಬ ಅಳುಕು ಕೆಲವರಿಗೆ. ಅಷ್ಟರಲ್ಲಿ ಓದಿದ ಮಕ್ಕಳು ಬೆಂಗಳೂರಿಗೋ, ಕಡಲಾಚೆಗೋ ಹೊರಡುತ್ತಾರೆ. ಜಗಲಿಯ ಮೇಲೆ ಮುದುಕರು ಜಪಮಾಲೆ ಎಣಿಸುತ್ತ ಉಳಿಯುತ್ತಾರೆ. ಈ ಒಂದು ವಿಷಯದಲ್ಲಿ ಅವರ ಹಟ್ಟಿಗೂ ನಮ್ಮ ಹಳ್ಳಿಗೂ ಏನು ಅಂತರ?

ಅತಿಥಿ ಎಂಬ ಮಾತಿನಲ್ಲಿ ಗೌರವವಿದೆ, ನಿಜ. ಆದರೆ ಅತಿಥಿ ಎಂದಾದರೂ ಹೊರಡಬೇಕಾದವನು. ಅರ್ಧ ಶತಮಾನ ಪಕ್ಕದ ಹೊಲ ಉತ್ತವನನ್ನು ಇನ್ನೂ ಹಾಗೆ ಕರೆಯುವುದು ಸರಿಯೆ? ಕಾನೂನು ತನ್ನ ಹೆಜ್ಜೆಯಲ್ಲಿ ನಡೆಯಲಿ. ನೆರೆಯವನೆಂದು ಕರೆಯಲು ನಮಗೆ ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.